ಐದು ಭೇಟಿಗಳು, ಒಂದು ಉಸಿರು



ಧ್ಯಾನವು ಇಂದು ಒಳ್ಳೆಯ ಬೆಲೆಗೆ ಮಾರಾಟವಾಗುವ ಸರಕು. ಮೊಬೈಲಿನ ಆ್ಯಪ್, ವಾರಾಂತ್ಯದ ಶಿಬಿರ, ಕಂಪನಿಗಳ ಕಾರ್ಯಾಗಾರ ಎಲ್ಲವೂ ಸಾರುವುದು ಒಂದೇ ಮಾತನ್ನು: ದುಃಖ ನಿನ್ನದು, ಪರಿಹಾರವೂ ನಿನ್ನೊಳಗೇ ಇದೆ. ಕೂಲಿ ಸಿಗದವಳಿಗೆ, ಗಂಡನ ಹೊಡೆತ ತಿನ್ನುವವಳಿಗೆ ಈ ಮಾತು ಸಾಂತ್ವನವಲ್ಲ, ಆರೋಪ.

ಹಾಗೆಂದು ಮನಸ್ಸಿನ ಅಭ್ಯಾಸಗಳನ್ನೇ ತಳ್ಳಿಹಾಕಬೇಕೆ? ನೈರೋಬಿಯ ಬಡ ಬಡಾವಣೆಗಳಿಂದ ಬೇರೊಂದು ಉತ್ತರ ಬಂದಿದೆ. ವಿಶ್ವ ಆರೋಗ್ಯ ಸಂಸ್ಥೆ ರೂಪಿಸಿದ 'ಪ್ರಾಬ್ಲಂ ಮ್ಯಾನೇಜ್‌ಮೆಂಟ್ ಪ್ಲಸ್' ಎಂಬ ಕ್ರಮವನ್ನು ಅಲ್ಲಿ 421 ಮಹಿಳೆಯರ ನಡುವೆ ಪರೀಕ್ಷಿಸಲಾಯಿತು. ಫಲಿತಾಂಶ 2017ರಲ್ಲಿ ಪ್ರಕಟವಾಯಿತು. ಅವರಲ್ಲಿ ಬಹುಪಾಲು ಮಂದಿ ಹಿಂಸೆಯನ್ನು ಉಂಡವರು. ಅವರೊಡನೆ ಕುಳಿತವರು ಮನೋವೈದ್ಯರಲ್ಲ. ಕೆಲವೇ ದಿನಗಳ ತರಬೇತಿ ಪಡೆದ ಸಮುದಾಯ ಆರೋಗ್ಯ ಕಾರ್ಯಕರ್ತರು. ಕರ್ನಾಟಕದ ಹಳ್ಳಿಗಳ ಆಶಾ ಕಾರ್ಯಕರ್ತೆಯರನ್ನು ಬಲ್ಲವರಿಗೆ ಈ ಚಿತ್ರ ಅಪರಿಚಿತವಲ್ಲ.

ವಾರಕ್ಕೊಂದರಂತೆ ಐದು ಭೇಟಿಗಳು. ಮೊದಲು ನಿಧಾನವಾದ ಉಸಿರಾಟ. ಉಸಿರನ್ನು ಹೊರಬಿಡುವಾಗ ಹೃದಯದ ಬಡಿತ ತಗ್ಗುತ್ತದೆ. ದೇಹ ಶಾಂತವಾದರೆ ಯೋಚನೆಗೆ ಎಡೆಯಾಗುತ್ತದೆ. ಬಳಿಕ, ಬಗೆಹರಿಸಬಹುದಾದ ಒಂದು ಸಮಸ್ಯೆಯನ್ನು ಆರಿಸಿ ಹೆಜ್ಜೆ ಹೆಜ್ಜೆಯಾಗಿ ಬಿಡಿಸುವುದು. ಆಮೇಲೆ, ಕೈಬಿಟ್ಟಿದ್ದ ದಿನನಿತ್ಯದ ಕೆಲಸವನ್ನು ತುಸುತುಸುವಾಗಿ ಮರಳಿ ಹಿಡಿಯುವುದು. ಕೊನೆಗೆ, ನೆರವಾಗಬಲ್ಲವರ ನಂಟನ್ನು ಗಟ್ಟಿಗೊಳಿಸುವುದು. ಮಂಕು ಕವಿದ ಮನಸ್ಸು ಕೆಲಸದಿಂದ, ಜನರಿಂದ ದೂರ ಸರಿಯುತ್ತದೆ. ಸರಿದಷ್ಟೂ ಮಂಕು ದಟ್ಟವಾಗುತ್ತದೆ. ಉತ್ಸಾಹ ಬರಲೆಂದು ಕಾದರೆ ಅದು ಬಾರದು. ಕೈ ಮೊದಲು ಚಲಿಸಿದರೆ ಮನಸ್ಸು ಹಿಂಬಾಲಿಸುತ್ತದೆ. ಮೂರು ತಿಂಗಳ ಅನಂತರ ನೋಡಿದಾಗ, ಎಂದಿನ ಆರೈಕೆ ಪಡೆದವರಿಗಿಂತ ಈ ಮಹಿಳೆಯರ ಯಾತನೆ ಹೆಚ್ಚು ಇಳಿದಿತ್ತು.

ಹನ್ನೆರಡನೆಯ ಶತಮಾನದ ಶರಣರು ಕಾಯಕ ಮತ್ತು ದಾಸೋಹಗಳನ್ನು ಜೊತೆಯಾಗಿ ಇಟ್ಟದ್ದನ್ನು ಇಲ್ಲಿ ನೆನೆಯಬಹುದು. ಒಬ್ಬರ ದಿನಚರಿ ಇನ್ನೊಬ್ಬರ ಬದುಕಿಗೆ ತಾಗದಿದ್ದರೆ ಅದು ಅರ್ಧ ಸಾಧನೆ.

ಆದರೂ ಮಿತಿಯನ್ನು ಮರೆಯಲಾಗದು. ಉಸಿರಾಟವು ಹೊಡೆಯುವ ಕೈಯನ್ನು ತಡೆಯದು, ಬಾಡಿಗೆಯನ್ನು ಕಟ್ಟದು. ಅದಕ್ಕೆ ಕಾನೂನು ಬೇಕು, ಕೂಲಿ ಬೇಕು. ಆತ್ಮಹತ್ಯೆಯ ಯತ್ನವನ್ನು ಅಪರಾಧವೆಂದಿದ್ದ ದಂಡ ಸಂಹಿತೆಯ 226ನೇ ಕಲಮು ಸಂವಿಧಾನಬಾಹಿರವೆಂದು ಕೀನ್ಯಾದ ಹೈಕೋರ್ಟು 2025ರ ಜನವರಿಯಲ್ಲಿ ತೀರ್ಪಿತ್ತಿತು. ಅಲ್ಲಿಯವರೆಗೆ ನೊಂದ ಮನಸ್ಸಿನ ಎದುರು ಆರೈಕೆಗಿಂತ ಮೊದಲು ಪೊಲೀಸು ನಿಲ್ಲುವ ಭಯವಿತ್ತು.

ಐದು ವಾರಗಳ ಅಭ್ಯಾಸ ಒಬ್ಬ ಹೆಣ್ಣುಮಗಳನ್ನು ಬಾಗಿಲವರೆಗೆ ನಡೆಸಿತು. ಬಾಗಿಲನ್ನು ತೆರೆದಿಡುವ ಹೊಣೆ ಸಮಾಜದ್ದು.