ಪಾಠ, ಆಟ, ಮೊಬೈಲ್: ಪ್ರೌಢಶಾಲಾ ವಿದ್ಯಾರ್ಥಿಯ ಮನಸ್ಸು ಮತ್ತು ಗ್ರಾಮ ಪಂಚಾಯಿತಿಯ ಹೊಣೆ

(ಗ್ರಾಮ ಪಂಚಾಯಿತಿ ಸದಸ್ಯರನ್ನು ಉದ್ದೇಶಿಸಿ ಸಿದ್ಧಪಡಿಸಿದ ಉಪನ್ಯಾಸದ ಪಠ್ಯ)



ಹಳ್ಳಿಯ ಪ್ರೌಢಶಾಲೆಗೆ ಹೋಗಿಬರುವ ಹದಿನಾಲ್ಕು, ಹದಿನೈದರ ವಯಸ್ಸಿನ ಮಕ್ಕಳ ಮನಸ್ಸಿನಲ್ಲಿ ದಿನವೂ ಸುಳಿಯುವ ಯೋಚನೆಗಳು ಬಹುತೇಕ ಮೂರು. ನಾಳೆಯ ಪಾಠಕ್ಕೆ ಸಿದ್ಧತೆ ಆಗಿದೆಯೇ ಎಂಬುದು ಮೊದಲನೆಯದು. ಇಂದು ಸಂಜೆ ಆಡಲು ಅವಕಾಶ ಸಿಕ್ಕೀತೇ ಎಂಬುದು ಎರಡನೆಯದು. ಮನೆಯ ಮೊಬೈಲ್ ಎಷ್ಟು ಹೊತ್ತು ಕೈಗೆ ಬಂದೀತು ಎಂಬುದು ಮೂರನೆಯದು. ಹಿರಿಯರ ದೃಷ್ಟಿಗೆ ಇವು ಸಣ್ಣ ವಿಷಯಗಳು. ಮನೆಯವರು ಗದರಿ ಸುಮ್ಮನಾಗುತ್ತಾರೆ. ಪಂಚಾಯಿತಿಯ ಸಭೆಯಲ್ಲಿ ಇವು ಪ್ರಸ್ತಾಪಕ್ಕೇ ಬರುವುದಿಲ್ಲ. ಆದರೆ ಈ ಒಂದೊಂದು ಯೋಚನೆಯ ಜಾಡು ಹಿಡಿದು ಹೊರಟರೆ ಅದು ಬಸ್ಸಿನ ವೇಳೆಗೆ, ಮೈದಾನದ ಜಾಗಕ್ಕೆ, ಗ್ರಂಥಾಲಯದ ಬಾಗಿಲಿಗೆ ಬಂದು ಮುಟ್ಟುತ್ತದೆ. ಈ ಮೂರೂ ಪಂಚಾಯಿತಿಯ ಕೈಗೆ ಎಟಕುವ ವಿಷಯಗಳೇ.

ಅರಕಲಗೂಡು ತಾಲ್ಲೂಕಿನ ರುದ್ರಪಟ್ಟಣವನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಕಾವೇರಿಯ ದಡದ ಈ ಊರು ಸಂಗೀತಗ್ರಾಮವೆಂದು ನಾಡಿಗೆಲ್ಲ ಪರಿಚಿತ. 1920ರಲ್ಲಿ ಇಲ್ಲಿ ಜನಿಸಿದ ಆರ್.ಕೆ. ಶ್ರೀಕಂಠನ್ ಅವರು ಪದ್ಮಭೂಷಣ ಗೌರವಕ್ಕೆ ಪಾತ್ರರಾದರು. ರುದ್ರಪಟ್ಟಣಂ ಸಹೋದರರೆಂದು ಹೆಸರಾದ ಆರ್.ಎನ್. ತ್ಯಾಗರಾಜನ್ ಮತ್ತು ಆರ್.ಎನ್. ತಾರಾನಾಥನ್ ಅವರು ಊರಿನ ಹೆಸರನ್ನೇ ತಮ್ಮ ಹೆಸರಾಗಿ ಹೊತ್ತು ಹಾಡಿದರು. ಆರ್.ಕೆ. ಪದ್ಮನಾಭ ಅವರ ಶ್ರಮದಿಂದ ತಂಬೂರಿಯ ಆಕಾರದ ಸಪ್ತಸ್ವರ ದೇವತಾ ಮಂದಿರ ಇಲ್ಲಿ ತಲೆಯೆತ್ತಿದೆ. ಇಷ್ಟು ಸಣ್ಣ ಊರಿನಿಂದ ಇಷ್ಟು ಜನ ವಿದ್ವಾಂಸರು ಬಂದದ್ದು ಆಕಸ್ಮಿಕವಲ್ಲ. ಮಕ್ಕಳ ಕಿವಿಗೆ ದಿನವೂ ಬೀಳುವ ಸ್ವರ, ದಿನವೂ ತಪ್ಪದ ಅಭ್ಯಾಸ, ತಪ್ಪಿದಾಗ ತಿದ್ದುವ ಹಿರಿಯರು, ಈ ಮೂರೂ ಒಂದೆಡೆ ಕೂಡಿದ್ದರಿಂದ ಆ ಬೆಳೆ ಬಂದಿತು. ಪಾಠಕ್ಕೂ ಆಟಕ್ಕೂ ಇದೇ ನಿಯಮ ಅನ್ವಯಿಸುತ್ತದೆ. ಮಗುವಿನ ಶಕ್ತಿ ಮಗುವಿನದೇ. ಅದು ಬೆಳೆಯುವ ವಾತಾವರಣ ಮಾತ್ರ ಊರಿನದು.

ಪ್ರೌಢಶಾಲೆಯ ವಯಸ್ಸಿಗೆ ವಿಶೇಷ ಗಮನ ಏಕೆ ಎಂಬ ಪ್ರಶ್ನೆ ಸಹಜ. 2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯಿದೆಯು 6ರಿಂದ 14 ವರ್ಷದ ಮಕ್ಕಳಿಗೆ, ಅಂದರೆ ಎಂಟನೆಯ ತರಗತಿಯವರೆಗೆ, ಉಚಿತ ಹಾಗೂ ಕಡ್ಡಾಯ ಶಿಕ್ಷಣದ ಭರವಸೆ ನೀಡುತ್ತದೆ. ಒಂಬತ್ತು, ಹತ್ತನೆಯ ತರಗತಿಗಳು ಆ ರಕ್ಷಣೆಯ ಆಚೆಗೆ ಉಳಿಯುತ್ತವೆ. ಊರಿನ ಕಿರಿಯ ಅಥವಾ ಹಿರಿಯ ಪ್ರಾಥಮಿಕ ಶಾಲೆಯನ್ನು ಮುಗಿಸಿದ ಮಗು ಪ್ರೌಢಶಾಲೆಗಾಗಿ ಮತ್ತೊಂದು ಊರಿಗೆ ನಡೆಯಬೇಕಾಗುವುದೂ ಇದೇ ವಯಸ್ಸಿನಲ್ಲಿ. ಮನೆಯ ಕೆಲಸಕ್ಕೆ ಕೈಗೆ ಬಂದ ಮಗ, ಮದುವೆಯ ಮಾತಿಗೆ ಬಂದ ಮಗಳು ಎಂದು ಬಂಧುಗಳು ಲೆಕ್ಕ ಹಾಕತೊಡಗುವುದೂ ಈಗಲೇ. ಕಾನೂನಿನ ಹಿಡಿತ ಸಡಿಲವಾಗುವ ಮತ್ತು ಮನೆಯ ಒತ್ತಡ ಬಿಗಿಯಾಗುವ ಈ ಎರಡು ವರ್ಷಗಳಲ್ಲಿ ಮಗು ಶಾಲೆಯಲ್ಲಿ ಉಳಿಯುವುದೋ ಬಿಡುವುದೋ ಎಂಬುದು ಅದರ ಇಡೀ ಬದುಕನ್ನು ತೀರ್ಮಾನಿಸುತ್ತದೆ.

ಹೊಗೆಸೊಪ್ಪು ಬೆಳೆಯುವ ಅರಕಲಗೂಡು ಸೀಮೆಯಲ್ಲಿ ಈ ಒತ್ತಡಕ್ಕೆ ಒಂದು ನಿರ್ದಿಷ್ಟ ಋತುವೇ ಉಂಟು. ರುದ್ರಪಟ್ಟಣಕ್ಕೆ ಸಮೀಪದ ರಾಮನಾಥಪುರದಲ್ಲಿ ತಂಬಾಕು ಮಂಡಳಿಯ ಹರಾಜು ಮಾರುಕಟ್ಟೆ ಇದೆ. ಮಳೆಗಾಲದಲ್ಲಿ ಎಲೆ ಮುರಿದು, ಕಡ್ಡಿಗೆ ಕಟ್ಟಿ, ಬ್ಯಾರನ್‌ನಲ್ಲಿ ಹದಗೊಳಿಸುವ ವಾರಗಳಲ್ಲಿ ಮನೆಯ ಪ್ರತಿಯೊಂದು ಕೈಗೂ ಕೆಲಸವಿರುತ್ತದೆ. ಶಾಲೆಯಲ್ಲಿ ಪಾಠಗಳು ವೇಗ ಪಡೆಯುವುದೂ ಅದೇ ತಿಂಗಳುಗಳಲ್ಲಿ. ಒದ್ದೆಯಾದ ಹಸಿ ಎಲೆಯನ್ನು ಮುಟ್ಟಿದಾಗ ಅದರ ನಿಕೋಟಿನ್ ಚರ್ಮದ ಮೂಲಕ ಮೈಗೆ ಇಳಿದು ವಾಕರಿಕೆ, ತಲೆಸುತ್ತು ತರುತ್ತದೆ; ಎಳೆಯ ಮೈಗೆ ಅದರ ಬಾಧೆ ಹೆಚ್ಚು. ಒಂದು ವಾರ ತರಗತಿ ತಪ್ಪಿದ ವಿದ್ಯಾರ್ಥಿಗೆ ಗಣಿತದ ಒಂದು ಅಧ್ಯಾಯ ಕೈತಪ್ಪುತ್ತದೆ. ಅದರ ಮುಂದಿನ ಅಧ್ಯಾಯವೂ ಅರ್ಥವಾಗುವುದಿಲ್ಲ. ತನಗೆ ಓದು ಹತ್ತುವುದಿಲ್ಲವೆಂದು ಆ ಮಗು ತೀರ್ಮಾನಿಸಿಕೊಳ್ಳುವುದು ಹೀಗೆ. ಹತ್ತದೇ ಇದ್ದದ್ದು ಓದಲ್ಲ, ತರಗತಿಯಲ್ಲಿ ಕೂರುವ ಅವಕಾಶ ಎಂಬುದನ್ನು ಅದಕ್ಕೆ ಯಾರೂ ಹೇಳುವುದಿಲ್ಲ. ಆ ವಾರಗಳಲ್ಲಿ ವಾರ್ಡಿನ ಸದಸ್ಯರು ಶಾಲೆಯ ಹಾಜರಾತಿಯನ್ನೊಮ್ಮೆ ನೋಡಿ, ಗೈರಾದ ಮಕ್ಕಳ ಮನೆಯ ಬಾಗಿಲಿಗೆ ಹೋಗಿ ಎರಡು ಮಾತನಾಡಿದರೆ, ಅದಕ್ಕೆ ಯಾವ ಅನುದಾನವೂ ಬೇಕಿಲ್ಲ.

ಇನ್ನು ಆಟದ ವಿಷಯ. ಹಾಸನ ಜಿಲ್ಲೆ 2019ರ ಎಸ್.ಎಸ್.ಎಲ್.ಸಿ. ಫಲಿತಾಂಶದಲ್ಲಿ ರಾಜ್ಯಕ್ಕೆ ಪ್ರಥಮ ಸ್ಥಾನ ಗಳಿಸಿತು. ಶಿಕ್ಷಕರ, ವಿದ್ಯಾರ್ಥಿಗಳ ಆ ದುಡಿಮೆ ಹೆಮ್ಮೆಪಡುವಂಥದು. ಆದರೆ ಫಲಿತಾಂಶದ ಆತುರ ಎಲ್ಲೆಡೆಯೂ ಒಂದು ಬೆಲೆಯನ್ನು ಕೇಳುತ್ತದೆ. ಹತ್ತನೆಯ ತರಗತಿಗೆ ಬಂದೊಡನೆ ದೈಹಿಕ ಶಿಕ್ಷಣದ ಅವಧಿ ಗಣಿತಕ್ಕೋ ವಿಜ್ಞಾನಕ್ಕೋ ಹೋಗುತ್ತದೆ. ಉಳಿದದ್ದು ಸಂಜೆ. ಸಂಜೆಗೆ ಬಸ್ಸಿನ ಕಟ್ಟು. ಒಂದು ಗಂಟೆ ಆಡಿದರೆ ಬಸ್ಸು ತಪ್ಪುತ್ತದೆ. ಬಸ್ಸು ಹಿಡಿದರೆ ಆಟ ತಪ್ಪುತ್ತದೆ. 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯಿಂದ ಹೆಣ್ಣುಮಕ್ಕಳಿಗೆ ಬಸ್ಸಿನ ಖರ್ಚು ಇಲ್ಲವಾಯಿತು. ಆದರೆ ಸಂಜೆ ಆರು ಗಂಟೆಗೆ ಊರ ಕಡೆಗೆ ಬಸ್ಸೇ ಇಲ್ಲದಿದ್ದರೆ ಉಚಿತ ಪ್ರಯಾಣದಿಂದ ಆಟಗಾರ್ತಿಗೆ ಆಗುವ ಪ್ರಯೋಜನವೇನು? ಕತ್ತಲಾಗುವ ಮುನ್ನ ಮಗಳು ಮನೆ ಸೇರಬೇಕೆಂಬ ತಂದೆ ತಾಯಿಯ ಕಾಳಜಿ ನ್ಯಾಯವಾದದ್ದೇ. ಹೀಗಾಗಿ ಎಂಟನೆಯ ತರಗತಿಯಲ್ಲಿ ತಂಡದ ಮುಂಚೂಣಿಯಲ್ಲಿದ್ದ ಹುಡುಗಿ ಹತ್ತಕ್ಕೆ ಬರುವಷ್ಟರಲ್ಲಿ ಮೈದಾನದ ಅಂಚಿನಲ್ಲಿ ನಿಂತು ನೋಡುವವಳಾಗುತ್ತಾಳೆ. ಅವಳನ್ನು ಯಾರೂ ತಡೆದಿಲ್ಲ, ವೇಳಾಪಟ್ಟಿ ತಡೆದಿದೆ. ಸಂಜೆಯ ಬಸ್ಸಿನ ವೇಳೆಯನ್ನು ಬದಲಿಸುವಂತೆ ಪಂಚಾಯಿತಿ ಠರಾವು ಮಾಡಿ, ವಿದ್ಯಾರ್ಥಿಗಳ ಸಂಖ್ಯೆಯನ್ನೂ ಊರುಗಳ ಹೆಸರನ್ನೂ ಸೇರಿಸಿ ಸಾರಿಗೆ ಘಟಕದ ವ್ಯವಸ್ಥಾಪಕರಿಗೆ ಕಳುಹಿಸುವುದು ಸಾಧ್ಯ. ಒಬ್ಬ ಪೋಷಕರ ಅರ್ಜಿಗಿಂತ ಅಂಥ ಠರಾವಿಗೆ ತೂಕ ಹೆಚ್ಚು.

ಆಟ ಕೇವಲ ಕಾಲಹರಣ ಎಂಬ ಭಾವನೆ ಇನ್ನೂ ಪೂರ್ತಿ ಹೋಗಿಲ್ಲ. 2025ರ ಜನವರಿಯಲ್ಲಿ ದೆಹಲಿಯಲ್ಲಿ ನಡೆದ ಮೊಟ್ಟಮೊದಲ ಖೊ ಖೊ ವಿಶ್ವಕಪ್‌ನ ಪುರುಷರ ಹಾಗೂ ಮಹಿಳೆಯರ ಎರಡೂ ವಿಭಾಗಗಳಲ್ಲಿ ಭಾರತ ನೇಪಾಳವನ್ನು ಸೋಲಿಸಿ ಗೆದ್ದಿತು. ಮಹಿಳಾ ತಂಡದಲ್ಲಿದ್ದ ಬಿ. ಚೈತ್ರಾ ಅವರು ಮೈಸೂರು ಜಿಲ್ಲೆಯ ತಿ. ನರಸೀಪುರ ತಾಲ್ಲೂಕಿನ ಕುರುಬೂರು ಗ್ರಾಮದವರು. ಅದೂ ಕಾವೇರಿ ಸೀಮೆಯ ಒಂದು ಹಳ್ಳಿಯೇ. ಖೊ ಖೊ ಅಂಕಣಕ್ಕೆ ಬೇಕಾದದ್ದು 27 ಮೀಟರ್ ಉದ್ದ, 16 ಮೀಟರ್ ಅಗಲದ ಸಮತಟ್ಟಾದ ಮಣ್ಣಿನ ನೆಲ ಮತ್ತು ಎರಡು ಕಂಬ. ವಾಲಿಬಾಲ್‌ಗೆ 18 ಮೀಟರ್ ಉದ್ದ, 9 ಮೀಟರ್ ಅಗಲ ಸಾಕು. ಕಬಡ್ಡಿಗೆ ಇನ್ನೂ ಕಡಿಮೆ. ಇಷ್ಟು ನೆಲ ಇಲ್ಲದ ಊರು ವಿರಳ. ನೆಲವಿದ್ದರೂ ಅದು ಒತ್ತುವರಿಯಾಗಿರುವುದು, ದಾನಿಗಳು ಕೊಟ್ಟ ಜಾಗ ಶಾಲೆಯ ಹೆಸರಿಗೆ ಖಾತೆಯಾಗದೆ ಉಳಿದಿರುವುದು, ಮಳೆ ನೀರು ನಿಲ್ಲುವುದು, ಹುಲ್ಲಿನ ಬಣವೆ ಬೀಳುವುದು ಸಾಮಾನ್ಯವಾಗಿ ಕಾಣುವ ತೊಡಕುಗಳು. ಶಾಲೆಯ ಜಾಗವನ್ನು ಅಳತೆ ಮಾಡಿಸಿ, ಗಡಿ ಗುರುತಿಸಿ, ದಾಖಲೆ ಸರಿಪಡಿಸುವ ಕೆಲಸಕ್ಕೆ ಪಂಚಾಯಿತಿ ಮುಂದಾಗಬೇಕು. ಉದ್ಯೋಗ ಖಾತರಿಯ ಕಾಮಗಾರಿಗಳಲ್ಲಿ ಆಟದ ಮೈದಾನವೂ ಸೇರಿದ್ದು, ರಾಜ್ಯದ ಅನೇಕ ಶಾಲೆಗಳ ಮೈದಾನಗಳು ಅದರಿಂದ ಸಮತಟ್ಟಾದವು. ಹೆಣ್ಣುಮಕ್ಕಳು ಆಡಬೇಕಾದರೆ ಮೈದಾನದಷ್ಟೇ ಮುಖ್ಯವಾದುದು ಬಾಗಿಲಿಗೆ ಚಿಲಕವೂ ಒಳಗೆ ನೀರೂ ಇರುವ ಶೌಚಾಲಯ. 15ನೆಯ ಹಣಕಾಸು ಆಯೋಗದ ಅನುದಾನದಲ್ಲಿ ಶೇ. 60ರಷ್ಟನ್ನು ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೆಂದೇ ನಿಗದಿಪಡಿಸಲಾಗಿತ್ತು ಎಂಬುದನ್ನು ಇಲ್ಲಿ ನೆನೆಯಬಹುದು.

ಮೂರನೆಯದು ತಂತ್ರಜ್ಞಾನ. ಮೊಬೈಲ್ ಮಕ್ಕಳನ್ನು ಕೆಡಿಸಿತು ಎಂಬ ಮಾತು ಪ್ರತಿ ಗ್ರಾಮಸಭೆಯಲ್ಲೂ ಕೇಳಿಬರುತ್ತದೆ. ರುದ್ರಪಟ್ಟಣದ ಇತಿಹಾಸದಲ್ಲಿ ಇದಕ್ಕೆ ಒಂದು ಉತ್ತರವಿದೆ. 1935ರಲ್ಲಿ ಎಂ.ವಿ. ಗೋಪಾಲಸ್ವಾಮಿ ಅವರು ಮೈಸೂರಿನಲ್ಲಿ ಬಾನುಲಿ ಕೇಂದ್ರ ಆರಂಭಿಸಿದಾಗ ಅದು ಅಂದಿನ ಕಾಲದ ಹೊಸ ತಂತ್ರಜ್ಞಾನ. ಆಕಾಶವಾಣಿ ಎಂಬ ಹೆಸರು ಅಲ್ಲಿಂದಲೇ ಬಂದಿತು. ಆರ್.ಕೆ. ಶ್ರೀಕಂಠನ್ ಅವರು ಆಕಾಶವಾಣಿಯಲ್ಲಿ ದೀರ್ಘಕಾಲ ಸೇವೆ ಸಲ್ಲಿಸಿ, ರೇಡಿಯೊ ಮೂಲಕವೇ ಸಂಗೀತ ಪಾಠ ಹೇಳಿದರು. ಗುರುವಿನ ಮನೆಗೆ ಹೋಗಲಾರದವರ ಮನೆಗೆ ಗುರುವಿನ ಧ್ವನಿಯೇ ಹೋಯಿತು. ಒಳ್ಳೆಯ ಸ್ವರವನ್ನು ಹೊತ್ತ ಪೆಟ್ಟಿಗೆ ಒಳ್ಳೆಯದಾಯಿತು. ಮೊಬೈಲ್‌ನ ಬೆಲೆಯೂ ಅದು ಏನನ್ನು ಹೊತ್ತು ತರುತ್ತದೆ ಎಂಬುದರ ಮೇಲೆಯೇ ನಿಂತಿದೆ.

2020ರ ಮಾರ್ಚ್‌ನಲ್ಲಿ ಕೊರೊನಾದಿಂದ ಶಾಲೆಗಳು ಮುಚ್ಚಿದಾಗ ಈ ಸತ್ಯ ಎರಡು ರೀತಿಯಲ್ಲಿ ಗೋಚರಿಸಿತು. ಚಂದನ ವಾಹಿನಿಯಲ್ಲಿ ಸಂವೇದ ಪಾಠಗಳು ಬಂದವು; ವಿದ್ಯಾಗಮದ ಹೆಸರಿನಲ್ಲಿ ಶಿಕ್ಷಕರು ಊರಿನ ಜಗಲಿ, ಅರಳಿಕಟ್ಟೆಗಳಲ್ಲಿ ಮಕ್ಕಳನ್ನು ಕೂಡಿಸಿದರು; ಮೊಬೈಲ್ ಇದ್ದವರಿಗೆ ಪಾಠ ಮನೆಗೇ ಬಂದಿತು. ಮೊಬೈಲ್ ಇಲ್ಲದ ಮನೆಯ, ಸಿಗ್ನಲ್ ಸಿಗದ ಊರಿನ ಮಗು ಹಿಂದೆ ಬಿದ್ದಿತು. ಅಣ್ಣ ತಂಗಿಯರ ನಡುವೆ ಒಂದೇ ಮೊಬೈಲ್ ಇದ್ದಲ್ಲಿ ಅದು ಮೊದಲು ಯಾರ ಕೈಗೆ ಹೋಯಿತೆಂಬುದನ್ನು ತಾವು ಊಹಿಸಬಲ್ಲಿರಿ. ಆದ್ದರಿಂದ ತಂತ್ರಜ್ಞಾನದ ಪ್ರಶ್ನೆಗೆ ಎರಡು ಮುಖಗಳಿವೆ. ಕೆಲವು ಮಕ್ಕಳಿಗೆ ಅದು ಅತಿಯಾಗಿದೆ. ಕೆಲವರಿಗೆ ಸಿಕ್ಕೇ ಇಲ್ಲ.

ಈ ಎರಡಕ್ಕೂ ಪಂಚಾಯಿತಿಯ ಬಳಿ ಒಂದು ಸಾಧನವಿದೆ. ಗ್ರಾಮೀಣ ಗ್ರಂಥಾಲಯಗಳು 2019ರಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಯ ಸುಪರ್ದಿಗೆ ಬಂದು, ಈಗ ಅರಿವು ಕೇಂದ್ರಗಳೆಂಬ ಹೆಸರು ಪಡೆದಿವೆ. ಪುಸ್ತಕಗಳ ಜೊತೆಗೆ ಕಂಪ್ಯೂಟರ್, ಅಂತರ್ಜಾಲ ಸೌಲಭ್ಯವನ್ನು ಅಲ್ಲಿ ಒದಗಿಸಲಾಗುತ್ತಿದೆ. ಮನೆಯ ಮೂಲೆಯಲ್ಲಿ ಒಬ್ಬನೇ ಕುಳಿತು ನೋಡುವ ಪರದೆಗೂ, ಹಿರಿಯರ ಕಣ್ಣಳತೆಯಲ್ಲಿ, ಗೆಳೆಯರ ಜೊತೆ ಕುಳಿತು ಬಳಸುವ ಪರದೆಗೂ ಬಹಳ ಅಂತರವಿದೆ. ಆದರೆ ಶಾಲೆ ಬಿಟ್ಟ ವೇಳೆಗೆ ಅರಿವು ಕೇಂದ್ರದ ಬಾಗಿಲು ಮುಚ್ಚಿದ್ದರೆ, ವಿದ್ಯುತ್ ಬಿಲ್ ಕಟ್ಟದೆ ಕಂಪ್ಯೂಟರ್ ಮೇಲೆ ಧೂಳು ಕೂತಿದ್ದರೆ, ಆ ಸೌಲಭ್ಯ ಕಾಗದದ ಮೇಲಷ್ಟೇ ಉಳಿಯುತ್ತದೆ. ತಿಂಗಳಿಗೊಮ್ಮೆ ಒಬ್ಬ ಸದಸ್ಯರು ಸಂಜೆಯ ಹೊತ್ತಿನಲ್ಲಿ ಅಲ್ಲಿಗೆ ಭೇಟಿ ನೀಡುವುದು ಉತ್ತಮ ಪದ್ಧತಿ.

ಅಪಾಯಗಳ ಬಗ್ಗೆಯೂ ಮಕ್ಕಳಿಗೆ ನೇರವಾಗಿ ತಿಳಿಸಬೇಕು. ಹಣ ಪಣಕ್ಕಿಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯಿದೆಯನ್ನು ಸಂಸತ್ತು 2025ರ ಆಗಸ್ಟ್‌ನಲ್ಲಿ ಅಂಗೀಕರಿಸಿದೆ. ಆನ್‌ಲೈನ್ ವಂಚನೆಗೆ ಒಳಗಾದವರು 1930 ಸಂಖ್ಯೆಗೂ, ಸಂಕಷ್ಟದಲ್ಲಿರುವ ಮಕ್ಕಳು 1098 ಸಂಖ್ಯೆಗೂ ಕರೆ ಮಾಡಬಹುದು. ಈ ಎರಡು ಸಂಖ್ಯೆಗಳು ಪಂಚಾಯಿತಿ ಕಚೇರಿಯ ಗೋಡೆಯ ಮೇಲೂ ಶಾಲೆಯ ಗೋಡೆಯ ಮೇಲೂ ದೊಡ್ಡ ಅಕ್ಷರದಲ್ಲಿರಬೇಕು. ಬೈಗುಳದ ಭಯದಿಂದ ಮಗು ಮನೆಯಲ್ಲಿ ಹೇಳಲಾರದ್ದನ್ನು ಹೇಳಿಕೊಳ್ಳಲು ಒಂದು ದಾರಿಯಾದರೂ ಇರಬೇಕು.

ಕೇಳುವ ಕಿವಿಗೆ ಕಾನೂನಿನ ಬಲವೂ ಇದೆ. ವಿಶ್ವಸಂಸ್ಥೆಯ 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆಯನ್ನು ಭಾರತ 1992ರಲ್ಲಿ ಒಪ್ಪಿಕೊಂಡಿತು. ತಮಗೆ ಸಂಬಂಧಿಸಿದ ವಿಷಯದಲ್ಲಿ ಅಭಿಪ್ರಾಯ ಹೇಳುವ ಹಕ್ಕು ಅದರ 12ನೆಯ ವಿಧಿಯಲ್ಲಿದೆ. ಆಟ ಮತ್ತು ವಿರಾಮದ ಹಕ್ಕು 31ನೆಯ ವಿಧಿಯಲ್ಲಿದೆ. ಕರ್ನಾಟಕದಲ್ಲಿ ಇದಕ್ಕೆ ರೂಪ ಕೊಟ್ಟದ್ದು ಮಕ್ಕಳ ಗ್ರಾಮಸಭೆ. ಆ ಸಭೆ ಹೇಗೆ ನಡೆಯುತ್ತದೆ ಎಂಬುದರ ಮೇಲೆ ಎಲ್ಲವೂ ನಿಂತಿದೆ. ಅತಿಥಿಗಳ ಭಾಷಣ, ಪ್ರಾರ್ಥನಾ ಗೀತೆ, ಬಹುಮಾನ ವಿತರಣೆಯಲ್ಲೇ ಸಮಯ ಕಳೆದು, ಕೊನೆಯ ಹತ್ತು ನಿಮಿಷ ಮಕ್ಕಳಿಗೆ ದೊರೆತರೆ, ಮೈಕಿನ ಮುಂದೆ ನಿಂತ ಹುಡುಗ ಶಿಕ್ಷಕರು ಬರೆದುಕೊಟ್ಟದ್ದನ್ನೇ ಓದುತ್ತಾನೆ. ಸಭೆಗೆ ಹದಿನೈದು ದಿನ ಮುಂಚೆ ಶಾಲೆಯಲ್ಲೊಂದು ಪೆಟ್ಟಿಗೆ ಇಟ್ಟು, ಹೆಸರು ಬರೆಯದೆ ಚೀಟಿ ಹಾಕಲು ಹೇಳಿದರೆ, ಮಕ್ಕಳ ನಿಜವಾದ ಮಾತು ಹೊರಬರುತ್ತದೆ.

ಬಂದ ಬೇಡಿಕೆಗಳನ್ನು ನಡಾವಳಿಯಲ್ಲಿ ಒಂದೊಂದಾಗಿ ದಾಖಲಿಸಬೇಕು. ಪಂಚಾಯಿತಿಯೇ ಮಾಡಬಹುದಾದದ್ದು, ಕ್ರಿಯಾ ಯೋಜನೆಗೆ ಸೇರಿಸಬೇಕಾದದ್ದು, ಬೇರೆ ಇಲಾಖೆಗೆ ಬರೆಯಬೇಕಾದದ್ದು ಎಂದು ಮೂರಾಗಿ ವಿಂಗಡಿಸಬೇಕು. ಮುಂದಿನ ವರ್ಷದ ಸಭೆ ಹಿಂದಿನ ವರ್ಷದ ಅನುಪಾಲನಾ ವರದಿಯನ್ನು ಓದುವುದರಿಂದಲೇ ಆರಂಭವಾಗಬೇಕು. ಆಗದ ಕೆಲಸ ಏಕೆ ಆಗಲಿಲ್ಲವೆಂಬುದನ್ನೂ ಮಕ್ಕಳ ಮುಂದೆ ಹೇಳಬೇಕು. ಕಾರಣ ತಿಳಿದ ಮಗು ಕಾಯುತ್ತದೆ; ಕೇಳಿದ್ದಕ್ಕೆ ಉತ್ತರವೇ ಬಾರದಿದ್ದರೆ ಮುಂದಿನ ವರ್ಷ ಕೇಳುವುದಿಲ್ಲ. ಪ್ರಜಾಪ್ರಭುತ್ವದ ಬಗ್ಗೆ ಪಠ್ಯಪುಸ್ತಕದಲ್ಲಿ ಓದಿದ್ದನ್ನು ಅದು ನಂಬುವುದೋ ಬಿಡುವುದೋ ಎಂಬುದು ಅಲ್ಲಿ ನಿಶ್ಚಯವಾಗುತ್ತದೆ.

ಇಂದು ಹತ್ತನೆಯ ತರಗತಿಯಲ್ಲಿರುವವರು ಇನ್ನು ಮೂರು ವರ್ಷಗಳೊಳಗೆ ಮತದಾರರು. ಆಗ ಅವರು ತಮ್ಮ ಪಂಚಾಯಿತಿಯನ್ನು ನೆನೆಯುವುದು ಉದ್ಘಾಟನೆಯ ಫಲಕಗಳಿಂದಲ್ಲ. ಸಂಜೆ ಆರಕ್ಕೆ ಬಂದ ಬಸ್ಸಿನಿಂದ, ನೀರು ನಿಲ್ಲದ ಅಂಕಣದಿಂದ, ದೀಪ ಉರಿಯುತ್ತಿದ್ದ ಅರಿವು ಕೇಂದ್ರದಿಂದ ನೆನೆಯುತ್ತಾರೆ. ಈ ವರ್ಷದ ಮಕ್ಕಳ ಗ್ರಾಮಸಭೆಯ ದಿನಾಂಕ ನಿಗದಿಪಡಿಸುವಾಗ ಮಾನ್ಯ ಸದಸ್ಯರು ಈ ಮಾತುಗಳನ್ನು ಗಮನದಲ್ಲಿ ಇರಿಸಿಕೊಳ್ಳಬೇಕೆಂದು ಕೋರಲಾಗಿದೆ.