ತಾವೋ ದರ್ಶನದ ‘ವೂ ವೇ’



ಚೀನಾ ದೇಶದ ತಾವೋ ದರ್ಶನಕ್ಕೆ ಮೂಲವಾದ ‘ತಾವೋ ತೆ ಚಿಂಗ್’ ಎಂಬುದು 81 ಅಧ್ಯಾಯಗಳ, ಸುಮಾರು 5000 ಅಕ್ಷರಗಳ ಕಿರುಹೊತ್ತಗೆ. ಲಾವೋತ್ಸೆಯು ಅದರ ಕರ್ತೃವೆಂದು ಪ್ರತೀತಿ. ‘ತಾವೋ’ ಎಂದರೆ ದಾರಿ. ತೊಡಕಿರುವುದು ‘ವೂ ವೇ’ ಎಂಬ ಮಾತಿನಲ್ಲಿ. ಅದರ ಅಕ್ಷರಾರ್ಥವು ‘ಮಾಡದಿರುವಿಕೆ’. ಹಾಗಾದರೆ ಇದು ಸೋಮಾರಿಗಳ ಸಿದ್ಧಾಂತವಲ್ಲವೇ ಎಂದು ಪಾಠಶಾಲೆಯ ವಿದ್ಯಾರ್ಥಿಯೊಬ್ಬನು ಕೇಳಿದನು. ನಾನೂ ಬಹುಕಾಲ ಹಾಗೆಯೇ ಎಣಿಸಿದ್ದೆನು.

‘ಚುವಾಂಗ್‌ತ್ಸೆ’ ಎಂಬ ಗ್ರಂಥದ ಮೂರನೆಯ ಅಧ್ಯಾಯದಲ್ಲಿ ಇದಕ್ಕೆ ಉತ್ತರವುಂಟು. ಅಲ್ಲಿಯ ದೃಷ್ಟಾಂತವು ಎತ್ತನ್ನು ಕೊಯ್ಯುವ ಅಡಿಗೆಯವನದು. ಈ ಸಭೆಯ ಕಿವಿಗೆ ಅದು ಹಿತವಾಗದೆಂದು ಬಲ್ಲೆನು. ಆದರೂ ಕತೆಯನ್ನು ತಿದ್ದಿ ಹೇಳಲಾರೆನು. ಸಾಧಾರಣನಾದ ಅಡಿಗೆಯವನು ತಿಂಗಳಿಗೊಂದು ಕತ್ತಿಯನ್ನು ಕೆಡಿಸುವನು, ನುರಿತವನು ವರ್ಷಕ್ಕೊಂದನ್ನು. ಇವನ ಕತ್ತಿಯಾದರೋ 19 ವರ್ಷ ಕಳೆದರೂ ಆಗತಾನೆ ಸಾಣೆಹಿಡಿದಂತಿರುವುದು. ಇವನು ಎಲುಬಿಗೆ ಹೊಡೆಯನು. ಕೀಲುಗಳ ನಡುವಣ ತೆರಪನ್ನರಿತು ಅಲ್ಲಿ ಅಲಗನ್ನು ಹಾಯಿಸುವನು. ತೊಡಕಾದ ಎಡೆ ಬಂದಾಗ ತಡೆದು, ದೃಷ್ಟಿಯನ್ನು ನೆಟ್ಟು, ಕೈಯನ್ನು ಮೆಲ್ಲಮೆಲ್ಲನೆ ಆಡಿಸುವನು. ಇಷ್ಟು ಎಚ್ಚರವುಳ್ಳವನನ್ನು ಸೋಮಾರಿಯೆನ್ನಬಹುದೇ? ಅವನು ಬಿಟ್ಟಿರುವುದು ಕೆಲಸವನ್ನಲ್ಲ, ಬಲಾತ್ಕಾರವನ್ನು. ಕೇಳುತ್ತಿದ್ದ ಅರಸನು, ಬಾಳನ್ನು ಪೋಷಿಸುವ ಬಗೆಯನ್ನು ಇವನಿಂದ ಕಲಿತೆನೆಂದು ಒಪ್ಪಿಕೊಂಡನಂತೆ.

ಪ್ರಶ್ನೆ ಕೇಳಿದ ಆ ಹುಡುಗನು ಶ್ಲೋಕವನ್ನೊಪ್ಪಿಸುವಾಗ ಒಂದೇ ಕಡೆ ತಡವರಿಸುತ್ತಿದ್ದನು. ಅದಕ್ಕಾಗಿ ನಾನು ಎಷ್ಟು ದಿನ ದನಿಯೇರಿಸಿದೆನೋ! ಈ ಕತೆಯನ್ನು ಅವನಿಗೆ ಹೇಳಿದ ಮರುದಿನ, ಗದರಿಸದೆ, ಎಲ್ಲಿ ತಡೆಯುವುದೆಂದು ಕೇಳಿದೆನು. ಸವರ್ಣದೀರ್ಘಸಂಧಿಯೊಂದನ್ನು ಬಿಡಿಸಲರಿಯದೆ ಅವನು ಅಲ್ಲಿ ನಿಲ್ಲುತ್ತಿದ್ದನು.