ತರಗತಿಯ ಕೋಣೆಗೂ ಉಸಿರು ಬೇಕು



ಶತಮಾನೋತ್ಸವದ ನೆನಪಿಗೆ ಹೊಸ ಕೋಣೆಗಳನ್ನು ಕಟ್ಟಿಸಿಕೊಡಲು ಹಳೆಯ ವಿದ್ಯಾರ್ಥಿಗಳು ಮುಂದೆ ಬಂದಿದ್ದಾರೆ. ಆಲೂರಿನ ಬಿಸಿಲನ್ನು ಬಲ್ಲ ಕೆಲವರು, ಕಿಟಕಿಗಳಿಗೆ ಗಾಜು ಬಿಗಿಸಿ ಎ.ಸಿ. ಹಾಕಿಸೋಣವೆಂದು ಪ್ರೀತಿಯಿಂದ ಸೂಚಿಸಿದ್ದಾರೆ. ಆ ಪ್ರೀತಿಗೆ ವಂದಿಸುತ್ತ, ನಕ್ಷೆ ಅಂತಿಮವಾಗುವ ಮೊದಲು ಗಾಳಿಯ ವಿಚಾರವಾಗಿ ನಾಲ್ಕು ಮಾತುಗಳನ್ನು ಅರಿಕೆ ಮಾಡಿಕೊಳ್ಳುತ್ತೇನೆ.

ನೂರು ವರ್ಷಗಳ ಹಿಂದೆ ಕ್ಷಯಕ್ಕೆ ಔಷಧವಿರಲಿಲ್ಲ. ಸ್ಟ್ರೆಪ್ಟೊಮೈಸಿನ್ ದೊರೆತದ್ದು 1943ರಲ್ಲಿ. ಅದಕ್ಕೆ ಮುನ್ನ ಮದನಪಲ್ಲಿಯ ಬಳಿಯ ಆರೋಗ್ಯವರದಂತಹ ಕ್ಷಯರೋಗ ಚಿಕಿತ್ಸಾಲಯಗಳು ಶುದ್ಧ ಗಾಳಿ, ವಿಶ್ರಾಂತಿ, ಪುಷ್ಟಿಕರ ಆಹಾರಗಳನ್ನೇ ನೆಚ್ಚಿದ್ದವು. 1904ರಲ್ಲಿ ಬರ್ಲಿನ್ ಸಮೀಪದ ಷಾರ್ಲೊಟೆನ್‌ಬುರ್ಗ್‌ನಲ್ಲಿ ದುರ್ಬಲ ಮಕ್ಕಳಿಗಾಗಿ ಬಯಲು ಶಾಲೆಯೇ ಆರಂಭವಾಯಿತು. ಗಾಳಿಯು ಕ್ಷಯವನ್ನು ಗುಣಪಡಿಸಲಾರದು. ಆದರೆ ಕೋಣೆಯಲ್ಲಿ ತೇಲುವ ರೋಗಾಣುಗಳನ್ನು ಚದುರಿಸಿ, ತೆಳುವಾಗಿಸಿ, ಹೊರಗೆ ಒಯ್ಯಬಲ್ಲದು. ದಡಾರ, ಕ್ಷಯ, ಕೋವಿಡ್ ಇವೆಲ್ಲವೂ ಗಾಳಿಯ ಮೂಲಕ ಹರಡುವ ರೋಗಗಳೇ.

ಒಬ್ಬೊಬ್ಬರಿಗೆ ಸೆಕೆಂಡಿಗೆ 10 ಲೀಟರ್ ಹೊಸ ಗಾಳಿ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯು 2021ರಲ್ಲಿ ಸಲಹೆ ನೀಡಿತು. 40 ಮಕ್ಕಳ ತರಗತಿಗೆ ಅದು 400 ಲೀಟರ್. ಇಪ್ಪತ್ತು ಅಡಿ ಉದ್ದ, ಇಪ್ಪತ್ತು ಅಡಿ ಅಗಲ, ಹತ್ತು ಅಡಿ ಎತ್ತರದ ಕೋಣೆಯಲ್ಲಿ ಸುಮಾರು 1,13,000 ಲೀಟರ್ ಗಾಳಿ ಇರುತ್ತದೆ. ಎಂದರೆ ಐದು ನಿಮಿಷದೊಳಗೆ ಕೋಣೆಯಷ್ಟು ಗಾಳಿ ಹೊರಗಿನಿಂದ ಬರಬೇಕು. ಫ್ಯಾನು ಇದ್ದ ಗಾಳಿಯನ್ನೇ ತಿರುಗಿಸುತ್ತದೆ. ಗೋಡೆಗೆ ತೂಗುಹಾಕುವ ಸಾಮಾನ್ಯ ಎ.ಸಿ. ಒಳಗಿನ ಗಾಳಿಯನ್ನೇ ತಂಪು ಮಾಡುತ್ತದೆ. ಹೊಸ ಗಾಳಿಗೆ ಬಾಗಿಲು, ಕಿಟಕಿಗಳೇ ದಾರಿ.

ಈ ವಿದ್ಯೆ ನಮಗೆ ಹೊಸದಲ್ಲ. ಮಣ್ಣಿನ ಮಾಳಿಗೆ ಮನೆಗಳಲ್ಲಿ ನಮ್ಮ ಹಿರಿಯರು ಬೆಳಕಿಂಡಿ ಬಿಡುತ್ತಿದ್ದುದು ಬೆಳಕಿಗಾಗಿ ಮಾತ್ರವಲ್ಲ. ಬಿಸಿ ಗಾಳಿ ಮೇಲೇರುತ್ತದೆ, ಒಲೆಯ ಹೊಗೆ ಅದರೊಡನೆ ಹೊರಗೆ ಹೋಗುತ್ತದೆ ಎಂಬ ಅನುಭವ ಅವರಿಗಿತ್ತು.

ಆದ್ದರಿಂದ ದಾನಿಗಳಲ್ಲಿ ನನ್ನ ಕೋರಿಕೆ ಇಷ್ಟು. ಮುಂಗಾರಿನಲ್ಲಿ ಇಲ್ಲಿ ಬೀಸುವುದು ಪಡುವಣ ಗಾಳಿ. ಪಡುವಣ, ಮೂಡಣ ಗೋಡೆಗಳಲ್ಲಿ ಎದುರುಬದುರಾಗಿ ತೆರೆಯುವ ಕಿಟಕಿಗಳಿರಲಿ. ಛಾವಣಿಯ ಕೆಳಗೆ ಗವಾಕ್ಷಿಗಳಿರಲಿ. ಸೊಳ್ಳೆಗೆ ಜಾಲರಿ, ಬಿಸಿಲಿಗೆ ಸಜ್ಜೆ, ಧೂಳಿಗೆ ಬೇವಿನ ಸಾಲು ಇರಲಿ. ಶಿಕ್ಷಕರು ಕಿಟಕಿಗೆ ಅಡ್ಡವಾಗಿ ಬೀರು ಇಡದಿರಲಿ. ಚಳಿಗಾಲದಲ್ಲಿಯೂ ಎದುರುಬದುರಿನ ಒಂದೊಂದು ಕಿಟಕಿಯನ್ನಾದರೂ ತೆರೆದಿಡಲಿ. ಮಗುವಿಗೆ ಕೆಮ್ಮು, ಜ್ವರ ಇದ್ದರೆ ಪೋಷಕರು ಮನೆಯಲ್ಲಿಯೇ ಇರಿಸಿಕೊಳ್ಳಲಿ. ಹಾಜರಿಯ ಚಿಂತೆ ನಮಗಿರಲಿ.

ದಾನಿಗಳ ಹೆಸರನ್ನು ಹೊಸ ಕೋಣೆಯ ಗೋಡೆಯ ಮೇಲೆ ಕೃತಜ್ಞತೆಯಿಂದ ಬರೆಸುತ್ತೇವೆ. ಆ ಗೋಡೆಯಲ್ಲಿ ಗಾಳಿಗೂ ಸ್ಥಳ ಬಿಡಬೇಕೆಂದು ಪ್ರಾರ್ಥಿಸಿ, ನನ್ನ ಮಾತುಗಳನ್ನು ಮುಗಿಸುತ್ತೇನೆ.